ಆಸ್ಕರ್ ಅರ್ಜಿಯಲ್ಲಿ ‘ದೇಶ’ ಎಂಬ ಕಾಲಂ

ಆಸ್ಕರ್‌ಗೆ ಭಾರತ ಕಳಿಸಿದ ಸಿನಿಮಾ ಸರಿಯೋ ತಪ್ಪೋ ಎಂಬ ಜಗಳ ವರ್ಷವರ್ಷವೂ ಇದ್ದದ್ದೇ. 2024ರಲ್ಲಿ ಮಾತ್ರ ಅದು ವಿಪರೀತಕ್ಕೆ ಹೋಯಿತು. ಪಾಯಲ್ ಕಪಾಡಿಯಾ ಅವರ ‘ಆಲ್ ವಿ ಇಮ್ಯಾಜಿನ್ ಆಸ್ ಲೈಟ್’ ಆ ಮೇ ತಿಂಗಳಲ್ಲಿ ಕಾನ್ ಚಿತ್ರೋತ್ಸವದ ಎರಡನೇ ದೊಡ್ಡ ಪ್ರಶಸ್ತಿಯಾದ ಗ್ರಾಂಡ್ ಪ್ರಿ ಗೆದ್ದಿತ್ತು. ಅಲ್ಲಿನ ಮುಖ್ಯ ಸ್ಪರ್ಧೆಗೆ ಭಾರತದ ಚಿತ್ರವೊಂದು ಹೋಗಿದ್ದೇ 30 ವರ್ಷಗಳ ಮೇಲೆ, 1994ರ ಶಾಜಿ ಎನ್. ಕರುಣ್ ಅವರ ‘ಸ್ವಹಂ’ ನಂತರ. ಆದರೆ ಸೆಪ್ಟೆಂಬರ್ 23ರಂದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾ ಆರಿಸಿದ್ದು ಕಿರಣ್ ರಾವ್ ಅವರ ‘ಲಾಪತಾ ಲೇಡೀಸ್’. ಜಾಹ್ನು ಬರುವಾ ಅಧ್ಯಕ್ಷತೆಯ 13 ಮಂದಿಯ ಆಯ್ಕೆ ಸಮಿತಿಯಲ್ಲಿ ಒಬ್ಬ ಮಹಿಳೆಯೂ ಇರಲಿಲ್ಲ. ಪಾಯಲ್ ಚಿತ್ರ ಭಾರತದಲ್ಲಿ ನಡೆಯುವ ಯುರೋಪಿನ ಸಿನಿಮಾದಂತೆ ಕಂಡಿತು ಎಂಬುದು ಸಮಿತಿಯ ಅಭಿಪ್ರಾಯ ಎಂದು ಫೆಡರೇಷನ್ ಅಧ್ಯಕ್ಷರು ಹೇಳಿದ್ದೇ ತಡ, ‘ನಮ್ಮದು’ ‘ಪರರದು’ ಎಂದು ಎರಡು ಬಣವಾಯಿತು. ಹೊರದೇಶದಲ್ಲಿರುವ ನಾವೂ ಹಿಂದೆ ಬೀಳಲಿಲ್ಲ.

ಆಸ್ಕರ್‌ನ ಅಂತಾರಾಷ್ಟ್ರೀಯ ಚಿತ್ರ ವಿಭಾಗದ ನಿಯಮ ಓದಿದವರಿಗೆ ಈ ವಾದ ವಿಚಿತ್ರವಾಗಿ ಕಾಣುತ್ತದೆ. ಆ ವರ್ಷದ ನಿಯಮದಂತೆ ಚಿತ್ರ 40 ನಿಮಿಷಕ್ಕಿಂತ ಉದ್ದವಿರಬೇಕು, ಸಂಭಾಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇಂಗ್ಲಿಷೇತರ ಭಾಷೆ ಇರಬೇಕು, 2023ರ ನವೆಂಬರ್ 1ರಿಂದ 2024ರ ಸೆಪ್ಟೆಂಬರ್ 30ರ ಒಳಗೆ ಅಮೆರಿಕದ ಹೊರಗೆ ಟಿಕೆಟ್ ಮಾರಿ ಸತತ 7 ದಿನ ಥಿಯೇಟರಿನಲ್ಲಿ ಓಡಿರಬೇಕು. ದೇಶಕ್ಕೆ ಒಂದೇ ಚಿತ್ರ. ಸೃಜನಶೀಲ ಹಿಡಿತ ಬಹುಪಾಲು ಆ ದೇಶದ ಪ್ರಜೆಗಳ ಅಥವಾ ನಿವಾಸಿಗಳ ಕೈಯಲ್ಲಿರಬೇಕಿತ್ತು. ಕಥೆ ಎಲ್ಲಿ ನಡೆಯುತ್ತದೆ, ಪಾತ್ರಗಳು ಯಾವ ಭಾಷೆ ಆಡುತ್ತವೆ ಎಂದು ಯಾರೂ ಕೇಳುವುದಿಲ್ಲ. ಕಳಿಸುವ ದೇಶದ ಭಾಷೆಯಲ್ಲೇ ಚಿತ್ರ ಇರಬೇಕೆಂಬ ಷರತ್ತು 2006ರಲ್ಲೇ ಹೋಯಿತು. ಆ ಬಾಗಿಲಿನಿಂದಲೇ ದೀಪಾ ಮೆಹ್ತಾ ಅವರ ಹಿಂದಿ ಚಿತ್ರ ‘ವಾಟರ್’ ಕೆನಡಾದ ಹೆಸರಿನಲ್ಲಿ ನಾಮನಿರ್ದೇಶನ ಪಡೆಯಿತು. 2000ದಲ್ಲಿ ವಾರಾಣಸಿಯಲ್ಲಿ ಅದರ ಚಿತ್ರೀಕರಣ ನಿಲ್ಲಿಸಿ ಓಡಿಸಿದ್ದು ನಾವೇ.

2024ರಲ್ಲಂತೂ ಈ ಕಲಸುಮೇಲೋಗರ ಪೂರ್ತಿ ಬಯಲಾಯಿತು. ಫ್ರಾನ್ಸ್ ತನ್ನ ಕೊನೆಯ ನಾಲ್ಕರಲ್ಲಿ ಪಾಯಲ್ ಚಿತ್ರವನ್ನೂ ಇಟ್ಟುಕೊಂಡಿತ್ತು, ಏಕೆಂದರೆ ಅದರ ನಿರ್ಮಾಪಕರಲ್ಲಿ ಫ್ರೆಂಚರೂ ಇದ್ದರು. ಕೊನೆಗೆ ಕಳಿಸಿದ್ದು ಸ್ಪ್ಯಾನಿಷ್ ಮಾತಿನ, ಮೆಕ್ಸಿಕೊ ಕಥೆಯ ‘ಎಮಿಲಿಯಾ ಪೆರೆಸ್’. ಅದಕ್ಕೆ 13 ನಾಮನಿರ್ದೇಶನ ಬಂದರೆ ಮೆಕ್ಸಿಕೊದವರು ಇದು ನಮಗಾದ ಅವಮಾನ ಎಂದು ಕೂಗಿದರು. ಇರಾನಿನಿಂದ ತಪ್ಪಿಸಿಕೊಂಡು ಬಂದ ಮೊಹಮ್ಮದ್ ರಸೂಲೋಫ್ ಅವರ ಪರ್ಷಿಯನ್ ಚಿತ್ರವನ್ನು ಜರ್ಮನಿ ಕಳಿಸಿತು. ಸಂಧ್ಯಾ ಸೂರಿ ಅವರ ಹಿಂದಿ ಚಿತ್ರ ‘ಸಂತೋಷ್’ ಬ್ರಿಟನ್ನಿನದಾಗಿ ಹೋಗಿ, ಡಿಸೆಂಬರ್ 17ರಂದು ಬಂದ 15 ಚಿತ್ರಗಳ ಕಿರುಪಟ್ಟಿಯಲ್ಲಿ ಕೂತಿತು. ‘ಲಾಪತಾ ಲೇಡೀಸ್’ ಆ ಪಟ್ಟಿಯಲ್ಲಿ ಇರಲಿಲ್ಲ. ಗೆದ್ದದ್ದು ಬ್ರೆಜಿಲ್, ಅದಕ್ಕೆ ಅದೇ ಮೊದಲ ಆಸ್ಕರ್.

ಹಾಗಾದರೆ ಜಗಳಕ್ಕೆ ಜಾಗವೇ ಇಲ್ಲವೇ? ಇದೆ, ಕ್ಯಾಲೆಂಡರಿನಲ್ಲಿ. ಆಯ್ಕೆ ಸೆಪ್ಟೆಂಬರ್ 23ಕ್ಕೆ, ಅರ್ಜಿಯ ಗಡುವು ಅಕ್ಟೋಬರ್ 2ಕ್ಕೆ, ಕಿರುಪಟ್ಟಿ ಡಿಸೆಂಬರ್ ನಡುವಿಗೆ. ಈ ಮೂರು ತಿಂಗಳೊಳಗೆ ಅಮೆರಿಕದಲ್ಲಿ ವಿತರಕರು ಸಿಗಬೇಕು, ಮತ ಹಾಕುವ ಸದಸ್ಯರಿಗೆ ಪ್ರದರ್ಶನ ಏರ್ಪಡಿಸಬೇಕು, ಪ್ರಚಾರದವರನ್ನು ಗೊತ್ತುಮಾಡಬೇಕು, ಪತ್ರಿಕೆಗಳು ಬರೆಯಬೇಕು. ಪಾಯಲ್ ಚಿತ್ರಕ್ಕೆ ಕಾನ್‌ನಿಂದಲೇ ಆ ಓಟ ಶುರುವಾಗಿತ್ತು, ಅಮೆರಿಕದ ವಿತರಣಾ ಸಂಸ್ಥೆಗಳಾದ ಜಾನಸ್ ಫಿಲ್ಮ್ಸ್ ಮತ್ತು ಸೈಡ್‌ಶೋ ಕೈಹಿಡಿದಿದ್ದವು. 7 ದಿನದ ಷರತ್ತಿಗೆಂದೇ ಸೆಪ್ಟೆಂಬರ್ 21ಕ್ಕೆ ಕೇರಳದ ಕೆಲವೇ ಚಿತ್ರಮಂದಿರಗಳಲ್ಲಿ ಬಿಡುಗಡೆ ಮಾಡಿದ್ದರು. ಉಳಿದ ಭಾರತ ನೋಡಿದ್ದು ನವೆಂಬರ್ 22ಕ್ಕೆ. ಇತ್ತ ‘ಲಾಪತಾ ಲೇಡೀಸ್’ ತಂಡ ನವೆಂಬರಿನಲ್ಲಿ ‘ಲಾಸ್ಟ್ ಲೇಡೀಸ್’ ಎಂದು ಹೆಸರು ಬದಲಿಸಿಕೊಂಡು ಹೊರಟಿತು. ಆ ಚಿತ್ರ ಕೆಟ್ಟದ್ದು ಎಂದು ನಾವು ಹೇಳುವುದಿಲ್ಲ. ಆಯ್ಕೆಯಾಗಬೇಕಿದ್ದದ್ದು ಜುಲೈನಲ್ಲಿ.

ದೇಶದ ಚೀಟಿ ಇಲ್ಲದೆಯೂ ಹೋಗಬಹುದು. 2022ರಲ್ಲಿ ‘ಆರ್‌ಆರ್‌ಆರ್’ ಫೆಡರೇಷನ್ನಿಗೆ ಬೇಡವಾಯಿತು. ಕಳಿಸಿದ್ದು ಗುಜರಾತಿಯ ‘ಛೆಲ್ಲೋ ಶೋ’. ‘ಆರ್‌ಆರ್‌ಆರ್’ ಸಾಮಾನ್ಯ ವಿಭಾಗಗಳಲ್ಲಿ ಅರ್ಜಿ ಹಾಕಿ ‘ನಾಟು ನಾಟು’ಗೆ ಆಸ್ಕರ್ ತಂದಿತು. ಅದಕ್ಕೂ ಮೊದಲು ಗೋಲ್ಡನ್ ಗ್ಲೋಬ್ ಬಂದಾಗ ಆಂಧ್ರದ ಮುಖ್ಯಮಂತ್ರಿ ತೆಲುಗು ಬಾವುಟ ಹಾರಿತು ಎಂದರೆ, ಗಾಯಕ ಅದ್ನಾನ್ ಸಾಮಿ ಅದು ಭಾರತದ ಬಾವುಟ ಎಂದು ತಗಾದೆ ತೆಗೆದರು. ಕನ್ನಡಿಗರಾದ ನಮಗೆ ಈ ತಂಟೆಯೇ ಇಲ್ಲ: 1957ರಿಂದ 2024ರವರೆಗೆ ಭಾರತದ ಅಧಿಕೃತ ಪ್ರವೇಶವಾಗಿ ಒಂದೇ ಒಂದು ಕನ್ನಡ ಚಿತ್ರವೂ ಹೋಗಿಲ್ಲ.

ಆದರೆ ಪಾಯಲ್ ಗೆದ್ದ ಅದೇ ಕಾನ್‌ನಲ್ಲಿ ಕನ್ನಡ ಗೆದ್ದಿತ್ತು. ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ 16 ನಿಮಿಷದ ‘ಸೂರ್ಯಕಾಂತಿ ಹೂವಿಗೆ ಮೊದಲು ಗೊತ್ತಾಗಿದ್ದು’ ವಿದ್ಯಾರ್ಥಿ ಚಿತ್ರಗಳ ಲಾ ಸಿನೆಫ್ ವಿಭಾಗದಲ್ಲಿ ಮೊದಲ ಬಹುಮಾನ, 15,000 ಯೂರೋ, ಪಡೆಯಿತು. 555 ಶಾಲೆಗಳಿಂದ ಬಂದ 2,263 ಚಿತ್ರಗಳಲ್ಲಿ ಸ್ಪರ್ಧೆಗೆ ಆಯ್ಕೆಯಾದದ್ದು 18. ಊರ ಕೋಳಿಯನ್ನು ಮುದುಕಿ ಕದ್ದೊಯ್ದಳು, ಸೂರ್ಯ ಹುಟ್ಟುವುದೇ ನಿಂತುಹೋಯಿತು ಎಂಬ ನಮ್ಮ ಜನಪದ ಕಥೆಯ ಎಳೆ ಅದು. ಎಂಬಿಬಿಎಸ್ ಓದಿದ್ದ ಚಿದಾನಂದ ಆಮೇಲೆ ಸೇರಿದ್ದು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ. ಪಾಯಲ್ ಕೂಡ ಅಲ್ಲಿನವರೇ. 2015ರ 139 ದಿನಗಳ ಮುಷ್ಕರದ ಕಾಲದಲ್ಲಿ 35 ವಿದ್ಯಾರ್ಥಿಗಳ ಮೇಲೆ ಬಿದ್ದ ಪೊಲೀಸ್ ಪ್ರಕರಣದಲ್ಲಿ ಅವರ ಹೆಸರೂ ಇತ್ತು. ಕಾನ್ ಮುಗಿದ ಮರುದಿನ ಅಭಿನಂದನೆಗಳ ಸುರಿಮಳೆಯಲ್ಲಿ ಆ ಪ್ರಕರಣವನ್ನು ನೆನೆದವರು ಕಡಿಮೆ.

ಇಂಥ ಕಿರುಚಿತ್ರವನ್ನು ರಾಜ್ಯೋತ್ಸವಕ್ಕೆ ತೋರಿಸಬಯಸುವ ಹೊರದೇಶದ ಕನ್ನಡ ಸಂಘಗಳಿಗೆ ಒಂದೆರಡು ಮಾತು. ವಿದ್ಯಾರ್ಥಿ ಚಿತ್ರದ ಹಕ್ಕು ಸಾಮಾನ್ಯವಾಗಿ ಸಂಸ್ಥೆಯದ್ದು, ನಿರ್ದೇಶಕರು ‘ಆಗಲಿ’ ಅಂದರೆ ಸಾಲದು. ಅನುಮತಿ ಲಿಖಿತವಾಗಿರಲಿ, ಟಿಕೆಟ್ ಇದೆಯೋ ಉಚಿತವೋ ಎಂಬುದೂ ಅದರಲ್ಲಿ ಬರಲಿ. ಥಿಯೇಟರ್ ಬಾಡಿಗೆಗೆ ಹಿಡಿದರೆ ಬರುವುದು ಡಿಸಿಪಿ, ಅಂದರೆ ಥಿಯೇಟರಿನಲ್ಲಿ ಓಡಿಸುವ ಡಿಜಿಟಲ್ ಪ್ರತಿ. ಅದಕ್ಕೆ ಬೀಗವಿದ್ದರೆ ಕೆಡಿಎಂ ಎಂಬ ಕೀಲಿ ಬೇಕು, ಅದು ಆ ಪರದೆಯ ಸರ್ವರ್‌ಗೆ ಮಾತ್ರ, ಗೊತ್ತಾದ ಗಂಟೆಗಳಿಗೆ ಮಾತ್ರ ತೆರೆಯುತ್ತದೆ. ಎಡವಟ್ಟಾಗುವುದು ಇಲ್ಲೇ: ಕೀಲಿಯ ಸಮಯ ಭಾರತದ್ದಾಗಿರುತ್ತದೆ, ಇಲ್ಲವೇ ಥಿಯೇಟರಿನವರು ಕೊನೇ ಗಳಿಗೆಯಲ್ಲಿ 3ನೇ ಪರದೆಯಿಂದ 5ಕ್ಕೆ ಬದಲಿಸಿರುತ್ತಾರೆ. ಹಿಂದಿನ ದಿನವೇ ಅದೇ ಪರದೆಯಲ್ಲಿ ಐದು ನಿಮಿಷ ಓಡಿಸಿ ನೋಡಿ, ಸಬ್‌ಟೈಟಲ್ ಕೆಳಗೆ ಕತ್ತರಿಸಿಹೋಗಿಲ್ಲವೇ ಎಂಬುದನ್ನೂ ಸೇರಿಸಿ. ಇಲ್ಲೇ ಹುಟ್ಟಿದ ಮಕ್ಕಳಲ್ಲಿ ಎಷ್ಟೋ ಮಂದಿ ಕಥೆ ಹಿಡಿಯುವುದು ಆ ಸಾಲುಗಳಿಂದಲೇ.