ಚಿತ್ರ ಸಿದ್ಧಪಡಿಸುವ ಹೊತ್ತನ್ನೂ ಲೆಕ್ಕಕ್ಕೆ ತನ್ನಿ

ಮಾನ್ಯ ಸಂಪಾದಕರೇ,

ಅರೆಕಾಲಿಕ ಬೋಧಕರ ಸಂಬಳವನ್ನು ವಿಶ್ವವಿದ್ಯಾಲಯಗಳು ಬಹುಪಾಲು ತರಗತಿಯಲ್ಲಿ ನಿಂತ ಗಂಟೆಗಳ ಮೇಲೆ ಲೆಕ್ಕ ಹಾಕುತ್ತವೆ. ಯಾವ ವಿಷಯದವರಿಗೂ ಇದು ನ್ಯಾಯದ ಲೆಕ್ಕವಲ್ಲ. ಕಲಾ ಇತಿಹಾಸದ ಮಟ್ಟಿಗಂತೂ ಇದರಿಂದ ಪಾಠವೇ ಕೆಡುತ್ತದೆ. ಇಲ್ಲಿ ವಿದ್ಯಾರ್ಥಿ ಮೊದಲು ಓದಬೇಕಾದದ್ದು ಪರದೆಯ ಮೇಲಿನ ಚಿತ್ರವನ್ನು. ಆ ಚಿತ್ರವನ್ನು ಯಾರಾದರೂ ಕೂತು ಹುಡುಕಿ, ಪರೀಕ್ಷಿಸಿ, ಸಿದ್ಧಮಾಡಬೇಕು. ಆ ಕೆಲಸಕ್ಕೆ ಯಾವ ವೇಳಾಪಟ್ಟಿಯಲ್ಲೂ ಜಾಗವಿಲ್ಲ.

50 ನಿಮಿಷದ ಒಂದು ತರಗತಿಗೆ ಸುಮಾರು 25 ಚಿತ್ರ ಬೇಕಾಗುತ್ತವೆ ಎಂದಿಟ್ಟುಕೊಳ್ಳಿ. ಪ್ರತಿಯೊಂದಕ್ಕೂ ಮೊದಲು ದೊಡ್ಡದು ಮಾಡಿದರೂ ಮಸುಕಾಗದ ಫೋಟೊ ಹುಡುಕಬೇಕು, ಸಾಧ್ಯವಾದರೆ ಕೃತಿ ಇರುವ ವಸ್ತುಸಂಗ್ರಹಾಲಯದ್ದೇ. ಅಂಚು ಕತ್ತರಿಸಿ ಹೋಗಿದೆಯೇ, ಎಡಬಲ ಅದಲುಬದಲಾಗಿದೆಯೇ ನೋಡಬೇಕು. ಬಣ್ಣವನ್ನು ಇನ್ನೊಂದೆರಡು ಫೋಟೊಗಳ ಜತೆ ಹೋಲಿಸಬೇಕು. ಕಲಾವಿದ, ಕಾಲ, ಮಾಧ್ಯಮ, ಅಳತೆ, ಈಗ ಇರುವ ಜಾಗ ಇಷ್ಟನ್ನೂ ಅಡಿಬರಹದಲ್ಲಿ ಕೊಡಬೇಕು. ಬಳಕೆಗೆ ಅನುಮತಿ ಇದೆಯೇ ಎಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ಕೈ ಪಳಗಿದವರಿಗೂ ಹೊಸ ಚಿತ್ರವೊಂದಕ್ಕೆ 12 ನಿಮಿಷ ಹಿಡಿಯುತ್ತದೆ. 25 ಚಿತ್ರಕ್ಕೆ 300 ನಿಮಿಷ, ಅಂದರೆ 5 ಗಂಟೆ. ಓದುವುದು, ಟಿಪ್ಪಣಿ ಬರೆಯುವುದು ಇನ್ನೂ ಶುರುವೇ ಆಗಿಲ್ಲ.

ಸಿಕ್ಕಿದ ಫೋಟೊ ಹಾಕಿ ಪಾಠ ಮಾಡಿದರೆ ಆಗದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಇಂಡೋನೇಷ್ಯಾದ ಬೌದ್ಧ ಸ್ತೂಪ ಬೊರೊಬುದೂರ್‌ನ ಒಳಗೋಡೆಯ ಉಬ್ಬುಶಿಲ್ಪಗಳ ಕಥೆ ಬಲದಿಂದ ಎಡಕ್ಕೆ ಸಾಗುತ್ತದೆ, ಏಕೆಂದರೆ ಯಾತ್ರಿಕ ಪ್ರದಕ್ಷಿಣೆ ಹಾಕುತ್ತಾ ಅದನ್ನು ನೋಡಬೇಕು. ಫೋಟೊ ತಿರುಗಿದ್ದರೆ ಪ್ರದಕ್ಷಿಣೆಯೇ ಅಪ್ರದಕ್ಷಿಣೆಯಾಗುತ್ತದೆ. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನಲ್ಲಿ ಮೈಕೆಲೆಂಜೆಲೊ ಬರೆದ ಭಿತ್ತಿಚಿತ್ರಗಳನ್ನು ಶುಚಿಗೊಳಿಸುವ ಕೆಲಸ 1980ರಲ್ಲಿ ಶುರುವಾಗಿ 1994ರಲ್ಲಿ ಮುಗಿಯಿತು. ಅದಕ್ಕೂ ಹಿಂದಿನ ಫೋಟೊ ತೋರಿಸಿ ಬಣ್ಣದ ಬಗ್ಗೆ ಮಾತಾಡಿದರೆ, ಮೇಣದಬತ್ತಿಯ ಮಸಿಯನ್ನೂ ಕಪ್ಪಾದ ಹಳೆಯ ಅಂಟನ್ನೂ ಕಲಾವಿದನ ಬಣ್ಣವೆಂದು ಕಲಿಸಿದಂತಾಗುತ್ತದೆ. ಶುಚಿ ಮಾಡಿದ್ದು ಅತಿಯಾಯಿತು ಎಂಬ ವಾದವೂ ಇದೆ. ಆ ವಾದವನ್ನು ಚರ್ಚೆಗೆ ತರಬೇಕಾದರೂ ಎರಡೂ ಕಾಲದ ಫೋಟೊಗಳು ಅಕ್ಕಪಕ್ಕ ಬೇಕು. ಇನ್ನು ಬರ್ಲಿನ್‌ನಲ್ಲಿರುವ ‘ಚಿನ್ನದ ಶಿರಸ್ತ್ರಾಣದ ಮನುಷ್ಯ’ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಕೈಯದಲ್ಲ ಎಂಬ ತೀರ್ಮಾನ ಬಂದದ್ದು 1980ರ ದಶಕದಲ್ಲಿ. ಅದಕ್ಕಿಂತ ಹಳೆಯ ಪುಸ್ತಕದಿಂದ ಚಿತ್ರ ಎತ್ತಿಕೊಂಡರೆ ಆ ತಪ್ಪು ಹೆಸರೂ ಜತೆಗೇ ಬರುತ್ತದೆ. ಹಾಗಾಗಿ ಕಳೆದ ವರ್ಷದ ಕಡತವನ್ನೇ ಈ ವರ್ಷ ಕಣ್ಣುಮುಚ್ಚಿ ತೆರೆಯುವಂತಿಲ್ಲ.

ಈ ಹೊರೆ ಬೋಧಕರ ತಲೆಗೆ ಬಂದದ್ದು ಇತ್ತೀಚೆಗೆ. ಕೊಡಾಕ್ ಕಂಪನಿ 2004ರಲ್ಲಿ ಫಿಲ್ಮ್ ಚೂರಿನ ಚಿತ್ರವನ್ನು ಪರದೆಗೆ ಬೀರುವ ಸ್ಲೈಡ್ ಪ್ರೊಜೆಕ್ಟರ್ ತಯಾರಿಕೆ ನಿಲ್ಲಿಸಿತು. ಆ ಕಾಲದವರೆಗೆ ದೊಡ್ಡ ಕಲಾ ಇತಿಹಾಸ ವಿಭಾಗಗಳಲ್ಲಿ ಸ್ಲೈಡ್‌ಗಳದ್ದೇ ಒಂದು ಗ್ರಂಥಾಲಯ ಇರುತ್ತಿತ್ತು. ಫೋಟೊ ತೆಗೆಸಿ, ಚೀಟಿ ಅಂಟಿಸಿ, ಡ್ರಾಯರುಗಳಲ್ಲಿ ಕ್ರಮವಾಗಿ ಜೋಡಿಸಿಡಲು ಸಂಬಳದ ಸಿಬ್ಬಂದಿ ಇರುತ್ತಿದ್ದರು. ಬೋಧಕರು ಬೇಕಾದ ಸ್ಲೈಡ್‌ಗಳನ್ನು ಆರಿಸಿ ಟ್ರೇಗೆ ತುಂಬಿಕೊಳ್ಳುತ್ತಿದ್ದರು. ಚಿತ್ರಗಳು ಡಿಜಿಟಲ್ ಆದಮೇಲೆ ಹಲವೆಡೆ ಆ ಹುದ್ದೆಗಳನ್ನು ಮುಚ್ಚಿದರು. ಕೆಲಸ ಬೋಧಕರ ಮನೆಯ ಕಂಪ್ಯೂಟರಿಗೆ ಬಂತು. ಕಾಯಂ ಪ್ರಾಧ್ಯಾಪಕರಾದರೆ ತಿಂಗಳ ಸಂಬಳದೊಳಗೆ ಅದನ್ನು ಹೇಗೋ ನಿಭಾಯಿಸಬಹುದು. ಗಂಟೆ ಲೆಕ್ಕದವರಿಗೆ ಆ ದಾರಿಯಿಲ್ಲ.

ಪರದೆಯ ಇನ್ನೊಂದು ತೊಂದರೆ ಅಳತೆಯದು. ‘ಮೋನಾ ಲಿಸಾ’ 77 ಸೆಂ.ಮೀ. ಎತ್ತರ, 53 ಸೆಂ.ಮೀ. ಅಗಲದ ಹಲಗೆ. ಪಿಕಾಸೊನ ‘ಗೆರ್ನಿಕಾ’ ಹತ್ತಿರಹತ್ತಿರ ಮೂರೂವರೆ ಮೀಟರ್ ಎತ್ತರ, 7.8 ಮೀಟರ್ ಅಗಲ. ಪರದೆಯ ಮೇಲೆ ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಇದಕ್ಕೆ ಸುಲಭದ ಮದ್ದಿದೆ. ತರಗತಿಯ ನೆಲದ ಮೇಲೆ 7.8 ಮೀಟರ್ ಉದ್ದಕ್ಕೆ ಟೇಪ್ ಅಂಟಿಸಿ, ಅದರುದ್ದಕ್ಕೂ ವಿದ್ಯಾರ್ಥಿಗಳನ್ನು ನಿಲ್ಲಿಸಿ, ನಡುವೆ ಮೋನಾ ಲಿಸಾ ಅಳತೆಯ ರಟ್ಟು ಇಟ್ಟರೆ ಸಾಕು, ವ್ಯತ್ಯಾಸ ಮೈಗೇ ತಿಳಿಯುತ್ತದೆ. ಆದರೆ ಇದಕ್ಕೆ ತರಗತಿಗೆ 15 ನಿಮಿಷ ಮೊದಲೇ ಬಂದಿರಬೇಕು. ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಎಂದು ಓಡುವವರು ಆ 15 ನಿಮಿಷವನ್ನು ಎಲ್ಲಿಂದ ತರಬೇಕು?

ಅರೆಕಾಲಿಕರಿಗೆ ಹೆಚ್ಚಾಗಿ ವಹಿಸುವುದು ಗುಹಾಚಿತ್ರದಿಂದ ಇಂದಿನವರೆಗಿನ ಇಡೀ ಇತಿಹಾಸವನ್ನು ಎರಡು ಸೆಮಿಸ್ಟರ್‌ನಲ್ಲಿ ಮುಗಿಸುವ ಪರಿಚಯ ಪತ್ರಿಕೆಯನ್ನು. ಹೊರಗಿನವರಿಗೆ ಇದು ಹಗುರವಾಗಿ ಕಾಣುತ್ತದೆ. ಕಲಿಸುವವರಿಗೆ ಇದಕ್ಕಿಂತ ಕಷ್ಟದ ಪತ್ರಿಕೆ ಇನ್ನೊಂದಿಲ್ಲ, ಏಕೆಂದರೆ ಇಡೀ ಇತಿಹಾಸದಲ್ಲಿ ಯಾರೂ ತಜ್ಞರಲ್ಲ. ಚೋಳರ ಕಂಚಿನ ವಿಗ್ರಹಗಳ ಮೇಲೆ ಸಂಶೋಧನೆ ಮಾಡಿದವರು ಹಸಿ ಗಾರೆಯ ಮೇಲೆ ಇಟಲಿಯ ಚಿತ್ರಕಾರ ಜೊಟ್ಟೊ ಹೇಗೆ ಚಿತ್ರ ಬರೆದ, ಅಜಂತಾದಲ್ಲಿ ಒಣಗಿದ ಗಾರೆಯ ಮೇಲೆ ಹೇಗೆ ಬರೆದರು ಎಂಬುದನ್ನೂ ವಿವರಿಸಬೇಕು. ಹಸಿ ಗಾರೆಯಲ್ಲಿ ಸುಣ್ಣ ಗಾಳಿಯೊಡನೆ ಸೇರಿ ಗಟ್ಟಿಯಾಗುವಾಗ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಒಣ ಗಾರೆಯಲ್ಲಿ ಬಣ್ಣವನ್ನು ಅಂಟು ಹಿಡಿದಿಡಬೇಕು, ಅಂಟು ಸೋತರೆ ಬಣ್ಣ ಹಕ್ಕಳೆಯಾಗಿ ಉದುರುತ್ತದೆ. ಎರಡನ್ನೂ, ಹಸಿ ಗಾರೆಯ ಚಿತ್ರಕ್ಕಿರುವ ಹೆಸರಿನಿಂದ, ‘ಫ್ರೆಸ್ಕೊ’ ಎಂದು ಒಂದೇ ಮಾತಿನಲ್ಲಿ ಹೇಳಿಬಿಟ್ಟರೆ, ಒಂದು ಯಾಕೆ ಉಳಿಯಿತು, ಇನ್ನೊಂದು ಯಾಕೆ ಉದುರುತ್ತಿದೆ ಎಂಬುದು ವಿದ್ಯಾರ್ಥಿಗೆ ಎಂದೂ ತಿಳಿಯುವುದಿಲ್ಲ. ಇಂಥದ್ದನ್ನು ಓದಿಕೊಳ್ಳಲು ವಾರಗಳು ಬೇಕು. ಪಾಠ ವಹಿಸುವ ಆದೇಶಪತ್ರ ಬರುವುದೋ, ಎಷ್ಟೋ ಸಲ, ತರಗತಿ ಶುರುವಾಗುವ ವಾರದಲ್ಲಿ.

ಮೌಲ್ಯಮಾಪನದ ಲೆಕ್ಕವನ್ನೂ ನೋಡಿ. 1,200 ಪದಗಳ ಒಂದು ಚಿತ್ರ ವಿಶ್ಲೇಷಣೆಯನ್ನು ಚಿತ್ರದ ಜತೆ ಇಟ್ಟು ಓದಿ, ಮೂರು ಸಾಲು ಸಲಹೆ ಬರೆಯಲು 20 ನಿಮಿಷ ಬೇಕು. 40 ವಿದ್ಯಾರ್ಥಿಗಳಿಗೆ 13 ಗಂಟೆ 20 ನಿಮಿಷ. ಸೆಮಿಸ್ಟರಿಗೆ ಎರಡು ಬರಹ ಎಂದರೆ ಸುಮಾರು 27 ಗಂಟೆ. ಇದಕ್ಕೆ ಹಣ ಇಲ್ಲದಾಗ ಬೋಧಕರು ಸರಿಯುತ್ತರ ಗುರುತಿಸುವ ಪ್ರಶ್ನೆಗಳಿಗೆ ಇಳಿಯುತ್ತಾರೆ. ವಿದ್ಯಾರ್ಥಿಗಳು ಹೆಸರು, ಇಸವಿ ಬಾಯಿಪಾಠ ಮಾಡುತ್ತಾರೆ. ಗುರುತೇ ಇಲ್ಲದ ಶಿಲ್ಪವೊಂದರ ಮುಂದೆ ನಿಲ್ಲಿಸಿದರೆ, ಬೆಳಕು ಎಲ್ಲಿಂದ ಬೀಳುತ್ತಿದೆ, ಭಾರ ಯಾವ ಕಾಲಿನ ಮೇಲಿದೆ ಎಂದು ಹೇಳಲು ಅವರಿಗೆ ಬಾಯಿ ಬರುವುದಿಲ್ಲ.

ವಸ್ತುಸಂಗ್ರಹಾಲಯ ಭೇಟಿಯದ್ದೂ ಇದೇ ಕಥೆ. ಮೊದಲೇ ಅನುಮತಿ ಪಡೆಯಬೇಕು, 15 ಜನರ ತಂಡಗಳಾಗಿ ಒಡೆಯಬೇಕು, ಪೆನ್ನಿನ ಬದಲು ಪೆನ್ಸಿಲ್ ತರಲು ಹೇಳಬೇಕು, ಆರಿಸಿದ ಕೃತಿಗಳು ಅಂದು ಪ್ರದರ್ಶನದಲ್ಲಿವೆಯೇ ಎಂದು ಹಿಂದಿನ ದಿನ ವಿಚಾರಿಸಬೇಕು. ವೇಳಾಪಟ್ಟಿಯಲ್ಲಿ ಅದು ತರಗತಿ ಅಲ್ಲವಾದ್ದರಿಂದ ಅರೆಕಾಲಿಕರಿಗೆ ಆ ದಿನದ ಸಂಬಳವೇ ಇಲ್ಲದಿರುವುದುಂಟು.

ಅರೆಕಾಲಿಕರೇ ಬೇಡ ಎಂಬುದು ನಮ್ಮ ಮಾತಲ್ಲ. ವಸ್ತುಸಂಗ್ರಹಾಲಯದ ಸಂಗ್ರಹ ನೋಡಿಕೊಳ್ಳುವ ಕ್ಯುರೇಟರೋ ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವವರೋ ವಾರಕ್ಕೊಂದು ದಿನ ಬಂದು ಪಾಠ ಹೇಳುವುದು ಯಾವ ವಿಭಾಗಕ್ಕೂ ದೊಡ್ಡ ಆಸ್ತಿ. ಅಡಿಪಾಯದ ಪತ್ರಿಕೆಗಳನ್ನೆಲ್ಲ ಗಂಟೆ ಲೆಕ್ಕದವರ ಮೇಲೆ ಬಿಟ್ಟು, ಆ ಗಂಟೆಯನ್ನೂ ಅರ್ಧಕ್ಕೆ ಎಣಿಸುವುದು ತಪ್ಪು.

ಹಣವಿಲ್ಲ ಎನ್ನುವವರು ಹಣ ಅಷ್ಟಾಗಿ ಬೇಡದ ಕೆಲಸದಿಂದ ಶುರುಮಾಡಬಹುದು. ಆದೇಶಪತ್ರವನ್ನು ತರಗತಿಗೆ 8 ವಾರ ಮೊದಲು ಕೊಡಲಿ. ವಿಭಾಗಕ್ಕೆ ಒಂದೇ ಚಿತ್ರಭಂಡಾರ ಇರಲಿ, ಪ್ರತಿ ಚಿತ್ರದ ಜತೆ ಅದನ್ನು ಪರೀಕ್ಷಿಸಿದವರ ಹೆಸರು, ಪರೀಕ್ಷಿಸಿದ ದಿನಾಂಕ ಇರಲಿ. ಎರಡನೇ ವರ್ಷದಿಂದ ಎಲ್ಲರ ಶ್ರಮವೂ ಇಳಿಯುತ್ತದೆ. ಆಮೇಲೆ ಸಂಬಳದ ವಿಚಾರ. ಹೊಸದಾಗಿ ಕಲಿಸುವ ಪತ್ರಿಕೆಗೆ ತರಗತಿಯ ಒಂದು ಗಂಟೆಯನ್ನು ಕನಿಷ್ಠ 3 ಗಂಟೆಯ ಕೆಲಸವೆಂದೂ ಮತ್ತೆ ಕಲಿಸುವಾಗ 2 ಗಂಟೆಯೆಂದೂ ಎಣಿಸಲಿ. ಮೌಲ್ಯಮಾಪನ ಮತ್ತು ವಸ್ತುಸಂಗ್ರಹಾಲಯದ ಗಂಟೆಗಳನ್ನು ಆದೇಶಪತ್ರದಲ್ಲೇ ಬೇರೆಯಾಗಿ ನಮೂದಿಸಲಿ.

ಸೆಮಿಸ್ಟರ್ ಮುಗಿದ ದಿನವೇ ಅರೆಕಾಲಿಕರ ಗ್ರಂಥಾಲಯದ ಲಾಗಿನ್ ಮತ್ತು ಇಮೇಲ್ ಮುಚ್ಚುವ ಪದ್ಧತಿಯೂ ನಿಲ್ಲಬೇಕು. ಮುಂದಿನ ಪಾಠಕ್ಕೆ ಚಿತ್ರ ಕೂಡಿಸುವುದು ರಜೆಯಲ್ಲೇ. ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ಶಿಫಾರಸು ಪತ್ರ ಕೇಳಿಕೊಂಡು ಬರುವುದೂ ತಿಂಗಳುಗಳ ನಂತರ. ಖಾಸಗಿ ಇಮೇಲ್‌ನಿಂದ ಹೋದ ಶಿಫಾರಸನ್ನು ಒಪ್ಪದ ಕಡೆಗಳಿವೆ. ಕೊನೆಯ ತರಗತಿಯಿಂದ 12 ತಿಂಗಳು ಅವೆರಡನ್ನೂ ತೆರೆದಿಟ್ಟರೆ ಸಾಕು.

ಇಂತಿ,
ಕಲಾ ಇತಿಹಾಸದ ಅರೆಕಾಲಿಕ ಬೋಧಕರು