ಹಳೆಯ ಕಾರುಗಳ ವೈರಿಂಗ್ ನಕ್ಷೆ ಮೆಕ್ಯಾನಿಕ್‌ಗಳಿಗೆ ಸಿಗಲಿ

ಮಾನ್ಯರೇ,

ಮಳೆಗಾಲ ಶುರುವಾದರೆ ನಮ್ಮ ತೀರ್ಥಹಳ್ಳಿ ಕಡೆ ಹಳೆಯ ಕಾರುಗಳ ಮಾಲೀಕರಿಗೆ ಗ್ಯಾರೇಜುಗಳಲ್ಲಿ ಒಂದೇ ಉತ್ತರ ಸಿಗುತ್ತದೆ, 'ಕಂಪ್ಯೂಟರ್ ಹೋಗಿದೆ' ಎಂದು. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು, ಯಾವ ಕ್ಷಣದಲ್ಲಿ ಕಿಡಿ ಹಾರಬೇಕು ಎಂದು ನಿರ್ಧರಿಸುವ ಡಬ್ಬಿ ಅದು. ನಾವು ಇಸಿಎಂ ಎನ್ನುತ್ತೇವೆ. ಗಾಡಿ ಒಮ್ಮೆ ಸಲೀಸಾಗಿ ಓಡಿ, ಇನ್ನೊಮ್ಮೆ ನಡುರಸ್ತೆಯಲ್ಲಿ ನಿಂತು, ಗ್ಯಾರೇಜಿಗೆ ತಂದಾಗ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆದರೆ ತಪ್ಪೆಲ್ಲ ಆ ಡಬ್ಬಿಯ ಮೇಲೆ ಬೀಳುತ್ತದೆ. ಹೀಗೆ ಬಂದು ಹೋಗುವ ದೋಷ ಹೆಚ್ಚಾಗಿ ಇರುವುದು ವೈರು, ವೈರುಗಳನ್ನು ಜೋಡಿಸುವ ಕಪ್ಲರ್ ಮತ್ತು ವಿದ್ಯುತ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿಯಾದ ಅರ್ತ್‌ನಲ್ಲಿ. ಆಟೊ ಎಲೆಕ್ಟ್ರಿಷಿಯನ್ ಆಗಿ ನಾನು ಕಂಡುಕೊಂಡಿರುವುದು ಇದನ್ನೇ. ಅದನ್ನು ಹುಡುಕಲು ಬೇಕಾದ ವೈರಿಂಗ್ ನಕ್ಷೆ ಸಣ್ಣ ಗ್ಯಾರೇಜುಗಳಿಗೆ ಸಿಗುವುದೇ ಇಲ್ಲ.

ಕಳೆದ ಜುಲೈನಲ್ಲಿ ನಿವೃತ್ತ ಮೇಷ್ಟರೊಬ್ಬರು ತಮ್ಮ 2004ರ ಪೆಟ್ರೋಲ್ ಕಾರನ್ನು ತಂದರು. ಆಗುಂಬೆ ಘಾಟಿ ಹತ್ತುವಾಗ ತಿರುವಿನಲ್ಲಿ ಎಂಜಿನ್ ಬಂದ್ ಆಗುತ್ತಿತ್ತು. ಬೇರೆ ಊರಿನ ಗ್ಯಾರೇಜಿನವರು ಗುಜರಿಯಿಂದ ಇಸಿಎಂ ತರಿಸಿ ಹಾಕಿ ಹದಿನೆಂಟು ಸಾವಿರ ರೂಪಾಯಿ ತೆಗೆದುಕೊಂಡಿದ್ದರು. ಕೆಲವು ವಾರ ಕಾರು ಚೆನ್ನಾಗಿಯೇ ಓಡಿ, ಮತ್ತೆ ಅದೇ ಘಾಟಿಯಲ್ಲಿ ನಿಂತಿತು. ಜನ ಮೋಸಹೋಗುವುದು ಈ 'ಕೆಲವು ವಾರ'ದಲ್ಲಿಯೇ. ಡಬ್ಬಿ ಬದಲಿಸಲು ಕಪ್ಲರ್ ಕಿತ್ತು ಮತ್ತೆ ಒತ್ತಿದಾಗ ಪಿನ್ನುಗಳ ಮೇಲಿನ ಕಿಲುಬು ಉಜ್ಜಿಹೋಗುತ್ತದೆ. ವೈರುಗಳು ಅಲುಗಿ, ಒಳಗೆ ತುಂಡಾದ ಎಳೆಗಳು ಒಂದಕ್ಕೊಂದು ತಾಗಿಕೊಳ್ಳುತ್ತವೆ. ಗಾಡಿ ಸರಿಹೋಗುತ್ತದೆ, ಹೆಸರು ಹೊಸ ಡಬ್ಬಿಗೆ ಬರುತ್ತದೆ.

ಆ ಕಾರಿನ ಎಂಜಿನ್ ಚಾಲೂ ಇಟ್ಟು, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿಸಿ, ಬ್ಯಾಟರಿಯ ಮೈನಸ್ ಮತ್ತು ಇಸಿಎಂನ ಅರ್ತ್ ವೈರಿನ ನಡುವೆ ಮೀಟರ್ ಹಿಡಿದೆ. 0.1 ವೋಲ್ಟ್ ಆಸುಪಾಸಿನಲ್ಲಿ ಇರಬೇಕಾದ ಕಡೆ 0.6 ಇತ್ತು, ಅಂದರೆ ಆ ದಾರಿಯಲ್ಲಿ ಎಲ್ಲೋ ತಡೆ ಇತ್ತು. ಎಂಜಿನ್ ಮೇಲಿನ ವೈರಿಂಗ್ ಕಿಟ್ (ಟೇಪು ಸುತ್ತಿದ ವೈರುಗಳ ಕಟ್ಟು) ಅನ್ನು ಮೆಲ್ಲಗೆ ಎಳೆದಾಗ ಅದು ಇನ್ನೂ ಏರಿ, ಎಂಜಿನ್ ನಡುಗಿ ಬಂದ್ ಆಯಿತು. ಟೇಪು ಬಿಚ್ಚಿ ನೋಡಿದರೆ ವೈರಿನ ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ನುಣ್ಣಗಿತ್ತು. ಬೋಲ್ಟಿಗೆ ಬಿಗಿಯುವ ಬಳೆಯ ಹತ್ತಿರ ಅದನ್ನು ಸೀಳಿದಾಗ ತಾಮ್ರವೆಲ್ಲ ಹಸಿರು ಪುಡಿಯಾಗಿ ಉದುರಿತು. ಕೂದಲಿನಷ್ಟು ತೆಳ್ಳಗಿನ ಒಂದೆರಡು ಎಳೆಗಳ ಮೇಲೆ ಇಡೀ ಕಂಪ್ಯೂಟರ್ ನಿಂತಿತ್ತು. ಘಾಟಿಯಲ್ಲಿ ಭಾರಕ್ಕೆ ಎಂಜಿನ್ ವಾಲಿದಾಗ ಆ ಎಳೆಗಳೂ ಬಿಡುತ್ತಿದ್ದವು. ಒಂದು ಮೊಳ ವೈರು, ಒಂದು ಹೊಸ ಬಳೆ, ಕೆರೆದು ಹೊಳಪಾಗಿಸಿದ ಒಂದು ಬೋಲ್ಟ್, ಇಷ್ಟರಲ್ಲಿ ಕೆಲಸ ಮುಗಿಯಿತು.

ವೈರು ತುಂಡಾಗಿಲ್ಲ ಎಂದು ಹೇಳುವ ಮೀಟರಿನ 'ಬೀಪ್' ಶಬ್ದವನ್ನೇ ನಂಬುವ ನನ್ನ ಕಸುಬಿನ ತಮ್ಮಂದಿರಿಗೆ ಒಂದು ಮಾತು. ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ, ಏಕೆಂದರೆ ಅದು ಹರಿಸುವ ವಿದ್ಯುತ್ ಅತ್ಯಲ್ಪ. ಇಸಿಎಂನ ಕಪ್ಲರ್ ಬಿಚ್ಚಿಟ್ಟು, ಬ್ಯಾಟರಿಯ ಪ್ಲಸ್‌ನಿಂದ 21 ವ್ಯಾಟ್ ಇಂಡಿಕೇಟರ್ ಬಲ್ಬ್ ಮೂಲಕ ಆ ಅರ್ತ್ ವೈರಿಗೆ ಕೊಡಿ. ಸುಮಾರು 1.75 ಆಂಪಿಯರ್ ಹರಿಯಬೇಕಾಗುತ್ತದೆ. ವೈರು ಸಾಯುತ್ತಿದ್ದರೆ ಬಲ್ಬ್ ಮಂಕಾಗುತ್ತದೆ. ಸೆನ್ಸರ್ ವೈರುಗಳಿಗೆ ಮಾತ್ರ ಎಂದೂ ಬಲ್ಬ್ ಹಿಡಿಯಬೇಡಿ. ಅವುಗಳಿಗೆ ಇಸಿಎಂ ಓದುವ ಅಂಕಿಗಳನ್ನು ತೋರಿಸುವ ಸ್ಕ್ಯಾನರ್ ಸಾಕು. ಎಂಜಿನ್ ತಂಪಾಗಿಸುವ ದ್ರವದ ಬಿಸಿ ಅಳೆಯುವ ಕೂಲಂಟ್ ಸೆನ್ಸರ್‌ನ ವೈರು ತುಂಡಾದರೆ ಸಾಮಾನ್ಯವಾಗಿ ಸ್ಕ್ಯಾನರ್‌ನಲ್ಲಿ ಉಷ್ಣಾಂಶ ಮೈನಸ್ 40 ಡಿಗ್ರಿಯ ಹತ್ತಿರ ಕಾಣುತ್ತದೆ. ವೈರನ್ನು ಇಂಚಿಂಚಾಗಿ ಅಲುಗಿಸುತ್ತಾ ಹೋದರೆ, ಆ ಅಂಕಿ ಹಾರಿದ ಜಾಗದಲ್ಲಿಯೇ ದೋಷ ಇರುತ್ತದೆ.

ಇದನ್ನೆಲ್ಲ ಮಾಡಲು ಯಾವ ಪಿನ್ ಅರ್ತ್, ಯಾವುದು ಪ್ಲಸ್, ಇಸಿಎಂ ಕಳಿಸುವ 5 ವೋಲ್ಟ್ ಲೈನನ್ನು ಯಾವ ಯಾವ ಸೆನ್ಸರ್‌ಗಳು ಹಂಚಿಕೊಂಡಿವೆ ಎಂದು ಮೊದಲು ಗೊತ್ತಿರಬೇಕು. ಒಂದು ಸೆನ್ಸರ್ ಶಾರ್ಟ್ ಆಗಿ ಆ 5 ವೋಲ್ಟ್ ಕುಸಿದರೆ ಮೂರು ಸೆನ್ಸರ್ ಒಟ್ಟಿಗೆ ಕೆಟ್ಟಂತೆ ಕಾಣುತ್ತದೆ. ನಕ್ಷೆ ಇಲ್ಲದವನಿಗೆ ಆಗ ಡಬ್ಬಿಯೇ ಕೆಟ್ಟಿದೆ ಎನಿಸುವುದು ಸಹಜ. ಅಂದಾಜಿನ ಮೇಲೆ ಕೆಲಸ ಮಾಡುವ ಹುಡುಗರು ಸಿಕ್ಕ ಸಿಕ್ಕ ವೈರಿಗೆ ಸೂಜಿ ಚುಚ್ಚಿ ನೋಡುತ್ತಾರೆ. ಮಲೆನಾಡಿನ ಮಳೆಗೆ ಆ ತೂತಿನಿಂದ ನೀರು ಇಳಿದು, ಮುಂದಿನ ವರ್ಷದ ಕಿಲುಬಿಗೆ ಅದೇ ದಾರಿಯಾಗುತ್ತದೆ. ಕೆಪಾಸಿಟರ್ ಸೋರಿಯೋ ಬೆಸುಗೆ ಬಿಟ್ಟೋ ಇಸಿಎಂ ನಿಜವಾಗಿ ಕೆಡುವುದೂ ಉಂಟು. ವೈರಿಂಗ್ ಪರೀಕ್ಷಿಸಿದ ನಂತರವಷ್ಟೇ ಆ ಮಾತು ಹೇಳಬೇಕು.

ಬಿಡಿಭಾಗ, ಪರೀಕ್ಷಾ ಸಾಧನ ಮತ್ತು ತಾಂತ್ರಿಕ ಮಾಹಿತಿಯನ್ನು ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. 2022ರ ಡಿಸೆಂಬರ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' (ದುರಸ್ತಿಯ ಹಕ್ಕು) ಪೋರ್ಟಲ್ ತೆರೆಯಿತು. ಇಷ್ಟಾದರೂ ಮೇಷ್ಟರ ಕಾರಿನ ನಕ್ಷೆಯನ್ನು ನಾನು ಪಿನ್ನಿಂದ ಪಿನ್ನಿಗೆ ಮೀಟರ್ ಹಿಡಿದು ಕೈಯಾರೆ ಬರೆದುಕೊಳ್ಳಬೇಕಾಯಿತು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 600 ರೂಪಾಯಿಯಿಂದ 5,000ಕ್ಕೆ ಏರಿಸಿದ ಸರ್ಕಾರ, ಆ ಹಣ ಕಟ್ಟಿ ಕಾರು ಉಳಿಸಿಕೊಂಡವರ ದುರಸ್ತಿಯ ಕಡೆಗೂ ಗಮನ ಕೊಡಬೇಕಲ್ಲವೇ? ತಯಾರಿಕೆ ನಿಂತ ಮಾದರಿಯ ನಕ್ಷೆಯಲ್ಲಿ ಬಚ್ಚಿಡುವಂಥ ವ್ಯಾಪಾರ ರಹಸ್ಯ ನನಗಂತೂ ಕಾಣುವುದಿಲ್ಲ.

ತಯಾರಿಕೆ ನಿಂತ ಪ್ರತಿಯೊಂದು ಮಾದರಿಯ ಇಸಿಎಂ ಪಿನ್ ವಿವರ ಮತ್ತು ವೈರಿಂಗ್ ನಕ್ಷೆಯನ್ನು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಕಂಪನಿಗಳು ಆ ಪೋರ್ಟಲ್‌ನಲ್ಲಿ ಹಾಕಬೇಕೆಂದು ಇಲಾಖೆ ಆದೇಶಿಸಲಿ. ನಮ್ಮ ಐಟಿಐಗಳ ಮೋಟಾರು ವಾಹನ ವಿಭಾಗದಲ್ಲಿ ಆ ನಕ್ಷೆಗಳನ್ನು ಮುದ್ರಿಸಿ ಗೋಡೆಗೆ ಹಾಕಿ, ಹುಡುಗರಿಗೆ ಓದಲು ಕಲಿಸಲಿ.

— ಆಟೊ ಎಲೆಕ್ಟ್ರಿಷಿಯನ್, ತೀರ್ಥಹಳ್ಳಿ