ಗುಡ್ಡಕ್ಕೆ ಹೊರಟ ಮಕ್ಕಳ ಜೊತೆ ಕುರಿ ಕಾಯುವವರೂ ಇರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿಯುತ್ತಿದ್ದಂತೆ ಗಂಗಾವತಿ ಕಡೆಯ ಶಾಲೆಗಳಲ್ಲಿ ಹೊರಸಂಚಾರದ ಮಾತು ಶುರುವಾಗುತ್ತದೆ. ನಮ್ಮ ಓಣಿಯಲ್ಲಿ ಕೆಲವರು ಈ ಸಲ ಮಕ್ಕಳನ್ನು ಕಳಿಸುವುದೇ ಇಲ್ಲ ಎನ್ನುತ್ತಿದ್ದಾರೆ. ಗುಡ್ಡದಲ್ಲಿ ಏನಾದರೂ ಆದೀತು ಎನ್ನುವ ಅವರ ಭಯ ಸುಳ್ಳಲ್ಲ. ಆದರೆ ಗುಡ್ಡದ ಮಗ್ಗುಲಲ್ಲೇ ಬೆಳೆಯುವ ಮಕ್ಕಳು ಗುಡ್ಡ ಹತ್ತದೆ ದೊಡ್ಡವರಾದರೆ ಹೇಗೆ? ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತಳಾದ ನನ್ನ ಕೋರಿಕೆ ಇಷ್ಟೇ: ಗುಡ್ಡದ ಊರಿನಲ್ಲಿ ಕುರಿ ಕಾಯುವ ಒಬ್ಬರಿಗೆ ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋಗಿ.

ಹಿರೇಬೆಣಕಲ್ ಗುಡ್ಡವನ್ನೇ ನೋಡಿ. ಅಲ್ಲಿ 2,000 ವರ್ಷಕ್ಕೂ ಹಳೆಯ ಕಲ್ಲಿನ ಸಮಾಧಿಗಳಿವೆ. ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿರುವ ಜಾಗ ಅದು. ಸಮಾಧಿಯ ಕಲ್ಲುಗಳಲ್ಲಿ ದುಂಡನೆಯ ಕಿಂಡಿಗಳಿರುತ್ತವೆ. ಅವನ್ನು ಕಂಡ ಮಕ್ಕಳು ತಲೆ ತೂರಿಸದೆ ಬಿಡುವುದಿಲ್ಲ. ಒಳಗೆ ನೆರಳು, ತಂಪು. ಹಾವಿಗೂ ಅದೇ ಬೇಕು ಅಲ್ವಾ? ಮೇಲೆ ನೀರು ನಿಂತ ಕಲ್ಲಿನ ಹೊಂಡವಿದೆ. ಪಾಚಿ ಕಟ್ಟಿದ ಅಂಚಿನಲ್ಲಿ ಕಾಲು ಜಾರಿದರೆ ಕಷ್ಟ. ಬೇರೆ ಊರಿಂದ ವರ್ಗವಾಗಿ ಬಂದ ಮೇಷ್ಟ್ರಿಗೆ ಇದೆಲ್ಲ ಗೊತ್ತಿರಬೇಕೆಂದರೆ ಹೇಗೆ?

ನಾನು ಕೆಲಸದಲ್ಲಿದ್ದಾಗ ಒಮ್ಮೆ ಊರಿನ ಅಜ್ಜ ಒಬ್ಬರು ನಮ್ಮ ಜೊತೆ ಬಂದಿದ್ದರು. ದಾರಿಯಲ್ಲಿ ನಿಂತು, ಕೋಲು ಎತ್ತಿ, ಬಂಡೆಯ ಚಾಚಿನ ಕೆಳಗೆ ತೂಗುತ್ತಿದ್ದ ಹೆಜ್ಜೇನು ತೋರಿಸಿದರು. ನಮಗೆ ಯಾರಿಗೂ ಕಂಡಿರಲಿಲ್ಲ. ಮಕ್ಕಳಿಗೆ ಸದ್ದು ಮಾಡಬೇಡಿ ಅಂತ ಸನ್ನೆ ಮಾಡಿ, ಬೇರೆ ದಾರಿಯಲ್ಲಿ ಹತ್ತಿಸಿದರು. ಹೆಜ್ಜೇನಿಗೆ ಹೊಗೆ ಆಗುವುದಿಲ್ಲ, ಕಲ್ಲೆಸೆತವಂತೂ ಆಗುವುದೇ ಇಲ್ಲ. ಅದು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ದೂರ ಓಡಬೇಕು. ಇದನ್ನು ಗುಡ್ಡದ ಬುಡದಲ್ಲೇ ಮಕ್ಕಳಿಗೆ ಹೇಳಬೇಕು, ಮೇಲೆ ಹೋದ ಮೇಲಲ್ಲ. ಕರಡಿ, ಚಿರತೆ ಓಡಾಡುವ ಹೊತ್ತು ಯಾವುದು, ಯಾವ ಪೊದೆಯ ಕಡೆ ಹೋಗಬಾರದು ಎನ್ನುವುದೂ ಕುರಿ ಕಾಯುವವರಿಗೆ ಗೊತ್ತು. ಹಿಂಡು ಉಳಿಸಿಕೊಳ್ಳಲು ದಿನವೂ ಅದನ್ನೇ ನೋಡುವವರು ಅವರು.

ಉಳಿದದ್ದು ಶಿಕ್ಷಕರ ಹೊಣೆ. ಒಬ್ಬರು ಮುಂದೆ, ಒಬ್ಬರು ಕಟ್ಟಕಡೆಗೆ. ಬಿಸಿಲೇರುವ ಮೊದಲೇ ಇಳಿದುಬಿಡಬೇಕು. ಕಾಲಿಗೆ ಚಪ್ಪಲಿ ಬೇಡ, ಬೂಟು ಇರಲಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು ಎರಡೂ ತಪ್ಪು. ಮಗುವನ್ನು ನಡೆಸದೆ, ಕಚ್ಚಿದ ಕೈಕಾಲು ಅಲುಗಾಡದಂತೆ ಹೊತ್ತು ತಂದು, 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿಸಬೇಕು. ಗುಡ್ಡದ ಮೇಲೆ ಫೋನ್ ಎಲ್ಲೆಲ್ಲಿ ಸಿಗುತ್ತದೆ ಎಂದು ಹಿಂದಿನ ದಿನವೇ ಹೋಗಿ ನೋಡಿ ಬರಬೇಕು. ಇಷ್ಟು ಮಾಡಲು ಪುರುಸೊತ್ತಿಲ್ಲ ಎನ್ನುವ ಶಾಲೆ ಮಕ್ಕಳನ್ನು ಕರೆದೊಯ್ಯದಿರುವುದೇ ಒಳ್ಳೆಯದು.

ಹೊಳೆಯ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಡ್ಯಾಮಿನಿಂದ ನೀರು ಬಿಟ್ಟರೆ ತುಂಗಭದ್ರೆ ನೋಡನೋಡುತ್ತಲೇ ಏರುತ್ತಾಳೆ. ಆನೆಗೊಂದಿಗೆ ಹೋದರೆ ದಡದಿಂದಲೇ ನೋಡಿ ಬರಲಿ. ಸಾಣಾಪುರ ಕೆರೆಯಲ್ಲೂ ಮಕ್ಕಳನ್ನು ನೀರಿಗಿಳಿಸುವುದು ಬೇಡ.

ಜಿಲ್ಲೆಯ ಶಿಕ್ಷಣ ಇಲಾಖೆ ಹೊರಸಂಚಾರಕ್ಕೆ ಅನುಮತಿ ಕೊಡುವಾಗ ಬಸ್ಸು, ಊಟದ ವಿವರದ ಜೊತೆಗೆ ಸ್ಥಳೀಯರು ಯಾರು ಬರುತ್ತಾರೆ ಎಂದೂ ಕೇಳಲಿ. ಗುಡ್ಡದ ಊರುಗಳ ಗ್ರಾಮ ಪಂಚಾಯಿತಿಗಳು ಇಂಥವರ ಹೆಸರು ಬರೆದಿಟ್ಟುಕೊಳ್ಳಲಿ. ಅವರ ಕೂಲಿಯನ್ನು ಶಾಲೆಯೇ ಕೊಡಲಿ, ಮಕ್ಕಳಿಂದ ಎತ್ತುವುದು ಬೇಡ.

– ನಿವೃತ್ತ ಶಿಕ್ಷಕಿ, ಗಂಗಾವತಿ, ಕೊಪ್ಪಳ ಜಿಲ್ಲೆ